“ರೂಢಿ ಆಗ್ತದೆ ಬಿಡಿ” ಅನ್ನೋರಿಗೆ

ನಮ್ಮದು ಶಿರಸಿ ಹತ್ರ ತೋಟದ ಮನೆ. ನಮ್ಮನೆ ಹುಡುಗಂಗೆ ಎಂಟು ವರ್ಷ, ಆಟಿಸಂ ಇದೆ. ಹೋದ ವರ್ಷ ಕೊಯ್ಲಿನ ಟೈಮಲ್ಲಿ ಅಂಗಳದಲ್ಲಿ ಅಡಿಕೆ ಸುಲಿಯೋ ಮಷಿನ್ ಏನೋ ಸಿಕ್ಕಾಕ್ಕೊಂಡು ಗಡಗಡ ಅಂತ ದೊಡ್ಡ ಸದ್ದು ಮಾಡ್ತು, ಅವ ಪಕ್ಕದಲ್ಲೇ ಇದ್ದ. ಕಿವಿ ಮುಚ್ಕೊಂಡು, ಕಾಲ್ಬೆರಳು ನೆಲಕ್ಕೆ ಒತ್ತಿ ಕಂಬದ ಹಾಗೆ ನಿಂತ್ಬಿಟ್ಟ, ಅಳ್ಲೂ ಇಲ್ಲ. ಆಮೇಲೆ ಮಿಕ್ಸಿ ಬೇಡ, ಗ್ರೈಂಡರ್ ಬೇಡ, ಈಗ ಅಂಗಳಕ್ಕೇ ಇಳಿಯೂದಿಲ್ಲ, ಮಷಿನ್ ಅಲ್ಲಿಂದ ಹೋಗಿ ಎಷ್ಟೋ ತಿಂಗಳಾಯ್ತು.

ನೆಂಟರೊಬ್ರು “ಎದುರಿಗೆ ನಿಲ್ಸಿ, ನಾಲ್ಕು ದಿನ ಕೂಗ್ತಾನೆ, ರೂಢಿ ಆಗ್ತದೆ ಬಿಡಿ” ಅಂದ್ರು. ನಾನೂ ಒಂದಿನ ಮಿಕ್ಸಿ ಎದುರು ಹಿಡ್ಕೊಂಡು ನಿಲ್ಸಿದೆ. ಅವತ್ತು ರಾತ್ರಿ ಅವ ನಿದ್ದೆ ಮಾಡ್ಲಿಲ್ಲ, ಮೂರು ದಿನ ನನ್ನ ಕೈ ಮುಟ್ಟೋಕೂ ಬಿಡ್ಲಿಲ್ಲ. ತಪ್ಪು ನಂದೇ.

ಆಮೇಲೆ ಓದೋಕೆ ಶುರು ಮಾಡಿದೆ. ಸ್ವಿಟ್ಜರ್ಲೆಂಡಿನ ಲೋಸಾನ್‌ನಲ್ಲಿ ಮಾರ್ಕ್ರಾಮ್ ಅನ್ನೋ ಮಿದುಳು ವಿಜ್ಞಾನಿ ದಂಪತಿಯ ತಂಡದವರು 2008ರಲ್ಲಿ ಇಲಿಗಳ ಮೇಲೆ ಮಾಡಿದ ಕೆಲಸ ಇದೆ, ಹೆನ್ರಿ ಮಾರ್ಕ್ರಾಮ್ ಅವರ ಮಗನಿಗೂ ಆಟಿಸಂ. ಬಸುರಿ ಇಲಿಗೆ ವಾಲ್‌ಪ್ರೋಯೇಟ್ ಕೊಟ್ರೆ ಮರಿಗಳಲ್ಲಿ ಆಟಿಸಂ ತರದ ಲಕ್ಷಣ ಕಾಣ್ತದೆ (ಇದು ಫಿಟ್ಸ್ ಮಾತ್ರೆ, ಗರ್ಭಿಣಿಯರು ಓದಿ ಗಾಬರಿಯಾಗಿ ತಾವೇ ನಿಲ್ಲಿಸ್ಬೇಡಿ, ಡಾಕ್ಟರ್ ಹತ್ರ ಕೇಳಿ). ಒಂದು ಸದ್ದು ಕೇಳಿಸಿ ಕಾಲಿಗೆ ಸಣ್ಣ ಶಾಕ್ ಕೊಡ್ತಾರೆ, ಇಲಿ ಮುಂದೆ ಆ ಸದ್ದು ಕೇಳಿದ್ರೇ ಅಲ್ಲಾಡದೆ ನಿಲ್ತದೆ. ಶಾಕ್ ಇಲ್ಲದೆ ಸದ್ದು ಮಾತ್ರ ಮತ್ತೆ ಮತ್ತೆ ಕೇಳಿಸಿದ್ರೆ ಮಾಮೂಲಿ ಇಲಿಯ ಹೆದ್ರಿಕೆ ಇಳೀತಾ ಬರ್ತದೆ, ಆದ್ರೆ ಈ ಮರಿಗಳ ಹೆದ್ರಿಕೆ ಜಾಸ್ತಿ ಗಟ್ಟಿ, ಬೇರೆ ಸದ್ದಿಗೂ ಹಬ್ತು, ಬೇಗ ಇಳೀಲೂ ಇಲ್ಲ. ಹೆದ್ರಿಕೆಯ ಗಂಟೆ ಬಾರಿಸೋ ಅಮಿಗ್ಡಲಾ ಅನ್ನೋ ಮಿದುಳಿನ ಭಾಗದಲ್ಲಿ ನರಕೋಶಗಳು ಅತಿಯಾಗಿ ಕೆರಳ್ತಿದ್ವು, ತಡೆಯೋ ಬ್ರೇಕ್ ಸಡಿಲ. ಮಷಿನ್‌ನಿಂದ ಮಿಕ್ಸಿ, ಮಿಕ್ಸಿಯಿಂದ ಅಂಗಳ, ನಮ್ಮನೇಲಿ ಆಗಿದ್ದೂ ಹಾಗೇ ಕಾಣ್ತು, ಓದ್ತಾ ಕಣ್ಣು ತುಂಬ್ತು.

ಇಲಿ ಅಂದ್ರೆ ಮಗು ಅಲ್ಲ, ಅದು ಗೊತ್ತು. ಬೆಂಗಳೂರಿನ ಎನ್‌ಸಿಬಿಎಸ್ ಅನ್ನೋ ಜೀವವಿಜ್ಞಾನ ಸಂಶೋಧನಾ ಕೇಂದ್ರದ ವಿಜ್ಞಾನಿಗಳು 2010ರಲ್ಲಿ ಫ್ರಾಜೈಲ್ ಎಕ್ಸ್ (ಎಷ್ಟೋ ಸಲ ಆಟಿಸಂ ಜೊತೆ ಕಾಣೋ ವಂಶವಾಹಿ ತೊಂದರೆ) ಇರೋ ಇಲಿಗಳ ಅಮಿಗ್ಡಲಾ ನೋಡಿದಾಗ ಅಲ್ಲಿ ಸಿಕ್ಕ ದೋಷ ಬೇರೆ ತರದ್ದು, ಇಲಿಗಳಲ್ಲೇ ಒಂದೇ ದಾರಿ ಇಲ್ಲ. ಹಾಗಿರುವಾಗ ಎಲ್ಲಾ ಮಕ್ಕಳಿಗೂ ಒತ್ತಾಯವೇ ಮದ್ದು ಅಂತ ಹ್ಯಾಗೆ ಹೇಳ್ತೀರಿ? ಅದು ಹಟ ಅಲ್ಲ, ಮುದ್ದು ಜಾಸ್ತಿ ಆಗಿದ್ದಲ್ಲ, ದಯವಿಟ್ಟು ಆ ಮಾತು ಬಿಡಿ.

ಈಗ ಥೆರಪಿಸ್ಟ್ ಹೇಳಿದ ಹಾಗೆ ಮಿಕ್ಸಿ ಸ್ವಿಚ್ ಅವನ ಕೈಲೇ. ನಿನ್ನೆ ಚಟ್ನಿ ರುಬ್ಬುವಾಗ ಬಾಗಿಲ ಹತ್ರ ಸ್ವಲ್ಪ ಹೊತ್ತು ನಿಂತು, ಬಂದು ಒತ್ತಿ, ಎರಡರ ತನಕ ಎಣಿಸಿ ಆಫ್ ಮಾಡ್ದ. ಅಂಗಳಕ್ಕೆ ಇನ್ನೂ ಇಳಿದಿಲ್ಲ, ಈ ಸಲ ಸುಲಿಯೋ ಮಷಿನ್ ಕೊಟ್ಟಿಗೆ ಹಿಂದೆ ಇಡ್ಸ್ತೀವಿ.