ಹನ್ನೊಂದು ಗಂಟೆಗೆ ಬಲೂನು ಹಾರಲ್ಲ ಮಾರಾಯ್ರೆ

ಬಿಸಿಗಾಳಿ ಬಲೂನು ಅಂದ್ರೆ ಜಾತ್ರೆಯ ತೊಟ್ಟಿಲು ಅಂದ್ಕೊಂಡಿದ್ದಾರೆ ಜನ. ಶಿವಮೊಗ್ಗದಲ್ಲಿ ಉತ್ಸವ ಅಂದ್ರೆ ಸಾಕು, ತಿಂಡಿ ಮುಗಿಸಿ ಹನ್ನೊಂದಕ್ಕೆ ಮೈದಾನಕ್ಕೆ ಬಂದು ‘ಇನ್ನೂ ಯಾಕೆ ಹಾರಿಸಿಲ್ಲ?’ ಅಂತ ಜಗಳ! ಬಿಸಿಲೇರಿದರೆ ನೆಲ ಕಾದು ಗಾಳಿ ಸುಳಿಯೇಳುತ್ತೆ. ಗಾಳಿಯ ವೇಗ ಗಂಟೆಗೆ 15 ಕಿ.ಮೀ. ದಾಟಿತೋ, ನೆಲಕ್ಕೆ ಹಗ್ಗ ಕಟ್ಟಿ ಅಲ್ಲೇ ಏರಿಸಿ ಇಳಿಸೋ ನಮ್ಮ ಬಲೂನು ಹಾಯಿಯ ಹಾಗೆ ಒಂದೇ ಕಡೆ ವಾಲಿ ಜಗ್ಗುತ್ತೆ. ಮೊದಲು ಫ್ಯಾನಿಟ್ಟು ತಣ್ಣನೆ ಗಾಳಿ ತುಂಬಬೇಕು, ಆಮೇಲಷ್ಟೇ ಪ್ರೊಪೇನ್ ಗ್ಯಾಸಿನ ಬರ್ನರ್ ಹಚ್ಚಿ ಆ ಗಾಳಿ ಕಾಯಿಸೋದು. ಆ ಹೊತ್ತಲ್ಲಿ ಗಾಳಿ ಬೀಸಿದರೆ ಬಟ್ಟೆ ಮಡಚಿ ಬೆಂಕಿಗೆ ಸಿಕ್ಕಿ ತೂತು.

ಹಗ್ಗ ಬಿಚ್ಚಿ ಬಿಡಿ ಅನ್ನೋರೂ ಇದ್ದಾರೆ. ಎಲ್ಲಿ ಇಳಿಸೋದು, ಅಡಿಕೆ ಮರದ ತಲೆ ಮೇಲಾ? ಸೂರ್ಯ ಹುಟ್ಟೋ ಹೊತ್ತಿಗೆ ಬನ್ನಿ, ಇಲ್ಲ ಸಂಜೆ ಐದರ ಮೇಲೆ. ಮಂಜಿದ್ದರೆ ಕಾಯಿರಿ. ಬೀಡಿ ಮಾತ್ರ ಹಚ್ಚಬೇಡಿ, ಪಕ್ಕದಲ್ಲೇ ಸಿಲಿಂಡರ್ ಸಾಲಿದೆ.