ಒಂದು ಕಿಲೋವ್ಯಾಟ್ ಹಠ ಬಿಡಿ

ಅಮೆರಿಕದ ಹ್ಯಾಮ್‌ಗಳಲ್ಲಿ (ಹವ್ಯಾಸಕ್ಕೆ ರೇಡಿಯೋ ನಡೆಸುವವರಲ್ಲಿ) ಕೆಲವರಿಗೆ ಒಂದು ಹುಚ್ಚಿದೆ. ಸಣ್ಣ ಊರಿನ ಎಎಂ ರೇಡಿಯೋ ಸ್ಟೇಷನ್‌ಗಳು ಕೈಬಿಟ್ಟ ವಾಲ್ವ್ ಟ್ರಾನ್ಸ್‌ಮಿಟರ್‌ಗಳನ್ನು ಮನೆಗೆ ತಂದು ಹ್ಯಾಮ್ ಬ್ಯಾಂಡಿಗೆ ಒಗ್ಗಿಸುತ್ತಾರೆ. ಗೇಟ್ಸ್ ಕಂಪನಿಯ ಬಿಸಿ-1ಟಿ ಅಂಥದ್ದೊಂದು. ಆಳೆತ್ತರ ಮೀರಿದ ಕಬ್ಬಿಣದ ಪೆಟ್ಟಿಗೆ, ಒಂದು ಕಿಲೋವ್ಯಾಟ್. (ನಮ್ಮ ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್‌ನದು 200 ಕಿಲೋವ್ಯಾಟ್. ಅದನ್ನು ಮನೆಗೆ ತರುವ ಮಾತೇ ಇಲ್ಲ ಬಿಡಿ!)

ಫ್ರೀಕ್ವೆನ್ಸಿ ಬದಲಿಸೋದೇ ಕಷ್ಟ ಅಂತ ಹೊಸಬರು ಹೆದರುತ್ತಾರೆ. ಅಷ್ಟೇನಿಲ್ಲ. ಅಲ್ಲಿ ಎಎಂ ಪ್ರಸಾರ 1700 ಕಿಲೋಹರ್ಟ್ಸ್‌ಗೆ ಮುಗಿಯುತ್ತದೆ, 160 ಮೀಟರ್ ಹ್ಯಾಮ್ ಬ್ಯಾಂಡ್ 1800ಕ್ಕೆ ಶುರು. ಪಕ್ಕದ ಬೀದಿ ಇದ್ದ ಹಾಗೆ. ಒಂದೇ ಫ್ರೀಕ್ವೆನ್ಸಿ ಕೊಡುವ ಕ್ರಿಸ್ಟಲ್ ಜಾಗಕ್ಕೆ ಫ್ರೀಕ್ವೆನ್ಸಿ ಬದಲಿಸಬಹುದಾದ ವಿಎಫ್‌ಒ ಕೊಟ್ಟು, ಕಾಯಿಲ್‌ನ ಟ್ಯಾಪ್ (ತಂತಿ ಸೇರುವ ಜಾಗ) ಸರಿಸಿ, ವಾಲ್ವ್ ತಾನಾಗೇ ಆಂದೋಲಿಸದಂತೆ ತಡೆಯುವ ನ್ಯೂಟ್ರಲೈಸೇಷನ್ ಮತ್ತೆ ನೋಡಬೇಕು. ಕಾಯಿಲ್ ಮಾತ್ರ ಕತ್ತರಿಸಬೇಡಿ ಮಾರಾಯ್ರೇ, ಮತ್ತೆ ಸಿಗೋದಿಲ್ಲ. ಇನ್ನೂ ಮೇಲೆ, 3885 ಕಿಲೋಹರ್ಟ್ಸ್‌ಗೆ ಹೋಗೋದಾದರೆ ಕೆಲಸ ಜಾಸ್ತಿ.

ನನ್ನ ತಕರಾರು ಇರೋದು ಪವರ್ ಬಗ್ಗೆ. 'ಕಿಲೋವ್ಯಾಟ್ ಸೆಟ್ಟು, ಕಿಲೋವ್ಯಾಟೇ ಓಡಬೇಕು' ಅನ್ನುವವರಿದ್ದಾರೆ. ಅಲ್ಲಿನ ರೇಡಿಯೋ ನಿಯಂತ್ರಕ ಸಂಸ್ಥೆ ಎಫ್‌ಸಿಸಿ ಹ್ಯಾಮ್‌ಗಳಿಗೆ ಕೊಟ್ಟಿರೋ ಮಿತಿ 1500 ವ್ಯಾಟ್ ಪೀಕ್. ಎಎಂನಲ್ಲಿ ಮಾಡ್ಯುಲೇಷನ್ (ಅಲೆಯ ಮೇಲೆ ದನಿ ಹೇರೋದು) ನೂರಕ್ಕೆ ನೂರು ಆದಾಗ ಪೀಕ್, ಕ್ಯಾರಿಯರ್‌ನ (ದನಿಯಿಲ್ಲದ ಬರಿ ಅಲೆಯ) ನಾಲ್ಕು ಪಟ್ಟು. ಸಾವಿರ ವ್ಯಾಟ್ ಬಿಟ್ಟರೆ ಪೀಕ್ ನಾಲ್ಕು ಸಾವಿರ! ನಮ್ಮ ಪಾಲಿಗೆ ಉಳಿಯೋದು 375 ವ್ಯಾಟ್ ಕ್ಯಾರಿಯರ್.

ಡ್ರೈವ್ (ಕೊನೆಯ ವಾಲ್ವ್‌ಗಳಿಗೆ ಕೊಡುವ ಸಿಗ್ನಲ್) ತಗ್ಗಿಸಿದರೆ ಸಾಲದಾ ಅಂತ ಕೇಳುತ್ತಾರೆ. ಸಾಲದು, ದನಿ ಒಡೆಯುತ್ತದೆ. ಇಳಿಸಬೇಕಾದ್ದು ಪ್ಲೇಟ್ ವೋಲ್ಟೇಜ್, ಅಂದರೆ ಆ ವಾಲ್ವ್‌ಗಳನ್ನು ಓಡಿಸುವ ಹೈ ವೋಲ್ಟೇಜ್. 2500 ವೋಲ್ಟ್ ಇದ್ದರೆ ಸುಮಾರು 1530ಕ್ಕೆ ತನ್ನಿ. ಕರೆಂಟೂ ಅದೇ ಲೆಕ್ಕದಲ್ಲಿ ಇಳಿಯುವಂತೆ ಲೋಡ್ (ಆಂಟೆನಾ ಕಡೆಯ ಹೊಂದಾಣಿಕೆ) ಇಡಿ. ಆಗ ಮಾಡ್ಯುಲೇಷನ್ ಟ್ರಾನ್ಸ್‌ಫಾರ್ಮರ್‌ಗೆ ಏನೂ ಬದಲಾದ ಹಾಗೆ ಕಾಣೋದಿಲ್ಲ. ಪೀಕ್‌ನಲ್ಲೂ 3000 ವೋಲ್ಟ್ ಆಸುಪಾಸು ಅಷ್ಟೇ. ಐದು ಸಾವಿರ ತಡೆಯಲೆಂದು ಹಾಕಿದ್ದ ಕೆಪಾಸಿಟರ್‌ಗಳಿಗೆ ಇದು ಆರಾಮ.

ಫಿಲಮೆಂಟ್ (ವಾಲ್ವ್ ಒಳಗಿನ ಕಾಯುವ ತಂತಿ) ವೋಲ್ಟೇಜ್ ಮಾತ್ರ ಇಳಿಸಬೇಡಿ. ಇದರಲ್ಲಿ ನಾಲ್ಕು 833ಎ ವಾಲ್ವ್, ಒಂದೊಂದಕ್ಕೂ 10 ವೋಲ್ಟ್, 10 ಆಂಪಿಯರ್. ಅಂದರೆ ವಾಲ್ವ್ ಬೆಳಗೋಕೇ 400 ವ್ಯಾಟ್, ಆಕಾಶಕ್ಕೆ ಹೋಗೋದು 375! ಕರೆಂಟ್ ಬಿಲ್ ನೋಡಿ ಮನೆಯವರು ಏನಂತಾರೋ. ಆದರೂ ಆ ದೊಡ್ಡ ಗಾಜಿನ ಬುರುಡೆಗಳು ಸುಸ್ತಾಗದೆ ವರ್ಷಗಟ್ಟಲೆ ಬಾಳುತ್ತವೆ. ಕಿಲೋವ್ಯಾಟ್ ಹಠದವರು ಇದನ್ನು ಯೋಚಿಸೋದೇ ಇಲ್ಲ.

1530 ವೋಲ್ಟೂ ಜೀವ ತೆಗೆಯುತ್ತದೆ. ಬಾಗಿಲು ತೆರೆದರೆ ಕರೆಂಟ್ ಕಡಿಯುವ ಹಿಂಬಾಗಿಲ ಸ್ವಿಚ್ ಇದೆ ಅಂತ ನಂಬಿ ಕೈ ಹಾಕಬೇಡಿ. ಮೊದಲು ಅರ್ತ್ ಕೊಕ್ಕೆಯನ್ನು ಕೆಪಾಸಿಟರ್‌ಗೆ ಸಿಕ್ಕಿಸಿ, ಕೆಲಸ ಮುಗಿಯೋವರೆಗೂ ಅಲ್ಲೇ ಇರಲಿ.

ಇನ್ನು ದನಿ. ಇವು ಹಾಡು ಬಿಡೋಕೆ ಮಾಡಿದ ಸೆಟ್‌ಗಳು, 10 ಕಿಲೋಹರ್ಟ್ಸ್‌ವರೆಗೂ ಆಡಿಯೋ ಹೋಗುತ್ತದೆ. ಹಾಗೇ ಬಿಟ್ಟರೆ ಬ್ಯಾಂಡಿನಲ್ಲಿ 20 ಕಿಲೋಹರ್ಟ್ಸ್ ಜಾಗ ನಿಮ್ಮದೊಂದೇ. ಮೈಕ್ ಕಡೆಯೇ ಒಂದು ಫಿಲ್ಟರ್ ಹಾಕಿ ಐದಕ್ಕೆ ನಿಲ್ಲಿಸಿ. ಅಷ್ಟಾದರೂ ಕೇಳೋಕೆ ಕಡಿಮೆ ಜಾಗದಲ್ಲಿ ಮಾತು ಕಳಿಸುವ ಎಸ್‌ಎಸ್‌ಬಿಗಿಂತ ಎಷ್ಟೋ ಚೆಂದ, ಅಲ್ವಾ?