ಸನ್ಮಾನದ ವೇದಿಕೆಯಲ್ಲಿ ತಾಯಿಗೆ ಜಾಗವಿರಲಿಲ್ಲ

ನಿನ್ನೆ ಸಂಜೆ ಶಿವಮೊಗ್ಗದಲ್ಲಿ ನಮ್ಮ ಮಲೆನಾಡಿನ ಹೆಣ್ಣುಮಗಳೊಬ್ಬರಿಗೆ ಸನ್ಮಾನವಿತ್ತು. ಗರ್ಭಿಣಿಯರ ಅಲ್ಟ್ರಾಸೌಂಡ್ ಪರೀಕ್ಷೆಯ ಬಗ್ಗೆ ವರ್ಷಗಟ್ಟಲೆ ಸಂಶೋಧನೆ ಮಾಡಿರುವ ವೈದ್ಯೆ ಅವರು. ಗರ್ಭಕೋಶಕ್ಕೆ ರಕ್ತ ಒಯ್ಯುವ ನಾಳಗಳಲ್ಲಿ ಹರಿವು ಸರಾಗವಾಗಿದೆಯೇ ಎಂದು ಡಾಪ್ಲರ್ ವಿಧಾನದಲ್ಲಿ ಅಳೆದು, ಯಾವ ಬಸುರಿಗೆ ಮುಂದೆ ರಕ್ತದೊತ್ತಡ ಏರಿ ಪ್ರಾಣಕ್ಕೆ ಕುತ್ತು ಬರಬಹುದು ಎಂಬುದನ್ನು ತಿಂಗಳುಗಟ್ಟಲೆ ಮೊದಲೇ ಗುರುತಿಸುವುದು ಅವರ ಅಧ್ಯಯನದ ವಿಷಯ. ಅಂದರೆ ಅವರು ಓದಿ, ಅಳೆದು, ಬರೆದಿರುವುದು ತಾಯಿಯ ಬಗ್ಗೆ. ಆಹ್ವಾನ ಪತ್ರಿಕೆಯಲ್ಲಿ ಇದನ್ನು ಅಚ್ಚುಕಟ್ಟಾಗಿ ಮುದ್ರಿಸಿದ್ದರು. ವೇದಿಕೆಯ ಮೇಲಿದ್ದ ಮಹನೀಯರು ಅದನ್ನು ಓದಿರಲಿಲ್ಲ ಎಂಬುದು ಮೊದಲ ಭಾಷಣದಲ್ಲಿಯೇ ತಿಳಿಯಿತು.

ಮೊದಲು ಮಾತನಾಡಿದವರು ತಮ್ಮ ಮೊಮ್ಮಗನ ಮುಖವನ್ನು ಹುಟ್ಟುವ ಮೊದಲೇ ಪರದೆಯ ಮೇಲೆ ನೋಡಿ ರೋಮಾಂಚನಗೊಂಡದ್ದನ್ನೂ, ಮೂಗು ಥೇಟ್ ತಮ್ಮದೇ ಆಗಿದ್ದದ್ದನ್ನೂ ಸವಿಸ್ತಾರವಾಗಿ ವರ್ಣಿಸಿದರು. ಎರಡನೆಯವರು ಅಭಿಮನ್ಯುವನ್ನು ಕರೆತಂದರು; ಗರ್ಭದಲ್ಲಿದ್ದಾಗಲೇ ಚಕ್ರವ್ಯೂಹದ ಪಾಠ ಕೇಳಿದ ಮಗುವಿನ ಕಥೆ ನಮ್ಮಲ್ಲಿರುವಾಗ ಈ ಯಂತ್ರದಲ್ಲಿ ಹೊಸದೇನಿದೆ ಎಂಬುದು ಅವರ ವಾದ. (ಆ ಕಥೆಯಲ್ಲಿಯೂ ತಪ್ಪೆಲ್ಲ ಸುಭದ್ರೆಯದೇ. ಅವಳು ನಿದ್ದೆ ಹೋದಳಂತೆ, ಪಾಠ ಅರ್ಧಕ್ಕೇ ನಿಂತಿತಂತೆ. ತುಂಬು ಬಸುರಿಗೆ ಯಾಕಷ್ಟು ಆಯಾಸವಾಗಿತ್ತು ಎಂದು ಇಲ್ಲಿಯವರೆಗೆ ಯಾರಾದರೂ ಕೇಳಿದ್ದಾರೆಯೇ?) ಮೂರನೆಯವರು ಹೆಣ್ಣು ಭ್ರೂಣಹತ್ಯೆಯ ವಿರುದ್ಧ ಗುಡುಗಿದರು. ಆ ವಿಷಯದ ಬಗ್ಗೆ ನನ್ನ ತಕರಾರಿಲ್ಲ. ಹುಟ್ಟುವ ಮೊದಲೇ ಗಂಡೋ ಹೆಣ್ಣೋ ಎಂದು ಪತ್ತೆ ಮಾಡುವುದನ್ನು ನಿಷೇಧಿಸಿದ 1994ರ ಕಾನೂನು ಬರುವ ಮೊದಲು ಏನೇನು ನಡೆಯುತ್ತಿತ್ತೆಂದು ಬಲ್ಲವಳು ನಾನು. ಆದರೆ ಹುಟ್ಟಲಿರುವ ಹೆಣ್ಣಿನ ಬಗ್ಗೆ ಅಷ್ಟು ಕಳಕಳಿಯಿಂದ ಮಾತನಾಡಿದವರಿಗೆ ಹೆರುವ ಹೆಣ್ಣು ಒಂದೇ ಒಂದು ವಾಕ್ಯದಷ್ಟೂ ನೆನಪಾಗಲಿಲ್ಲ. ಕೊನೆಗೆ ಸನ್ಮಾನಿತರಿಗೆ ಮೈಕು ಕೊಡುವ ಹೊತ್ತಿಗೆ ಅರ್ಧ ಸಭೆ ಊಟದ ಸಾಲಿನಲ್ಲಿತ್ತು.

ಯಂತ್ರದ ಚರಿತ್ರೆಯನ್ನಾದರೂ ಅವರು ಸ್ವಲ್ಪ ಓದಿಕೊಂಡು ಬರಬಹುದಿತ್ತು. ಲೋಹದೊಳಗಿನ ಬಿರುಕು ಹುಡುಕುವ ಉಪಕರಣವನ್ನು ಮನುಷ್ಯರ ಹೊಟ್ಟೆಯ ಮೇಲೆ ಪ್ರಯೋಗಿಸಿದ ಗ್ಲಾಸ್ಗೋದ ಪ್ರಸೂತಿ ತಜ್ಞ ಇಯಾನ್ ಡೊನಾಲ್ಡ್, ತಮ್ಮ ಸಹೋದ್ಯೋಗಿ ಜಾನ್ ಮ್ಯಾಕ್‌ವಿಕರ್ ಮತ್ತು ಎಂಜಿನಿಯರ್ ಟಾಮ್ ಬ್ರೌನ್ ಅವರೊಂದಿಗೆ 1958ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನದ ವಿಷಯ ಹೊಟ್ಟೆಯೊಳಗಿನ ಗಡ್ಡೆಗಳು. ಗುಣವಾಗದ ಹೊಟ್ಟೆಯ ಕ್ಯಾನ್ಸರ್ ಎಂದು ವೈದ್ಯರು ಕೈಬಿಟ್ಟಿದ್ದ ಒಬ್ಬ ಹೆಂಗಸಿನ ಹೊಟ್ಟೆಯಲ್ಲಿದ್ದದ್ದು ಅಂಡಾಶಯದ ನೀರುಗಡ್ಡೆ ಎಂದು ಈ ಯಂತ್ರ ತೋರಿಸಿಕೊಟ್ಟಿತು. ಗಡ್ಡೆಯನ್ನು ತೆಗೆದರು, ಆಕೆ ಉಳಿದಳು. ಅಲ್ಟ್ರಾಸೌಂಡ್ ಹೆಸರು ಮಾಡಿದ್ದು ಒಬ್ಬ ಹೆಂಗಸಿನ ಜೀವ ಉಳಿಸಿ, ಮೂಗಿನ ಹೋಲಿಕೆ ತೋರಿಸಿ ಅಲ್ಲ.

ಊಟದ ಗದ್ದಲದ ನಡುವೆ ಆ ವೈದ್ಯೆ ಶಾಂತವಾಗಿ ವಿವರಿಸಿದ್ದನ್ನು, ಅಲ್ಲಿ ಕೇಳಿಸಿಕೊಂಡವರು ಕಡಿಮೆಯಾದ್ದರಿಂದ, ನಾನು ತಿಳಿದಂತೆ ಇಲ್ಲಿ ಬರೆಯುತ್ತೇನೆ. ಬಸಿರಿನ ಮೊದಲ ತಿಂಗಳುಗಳಲ್ಲಿ ಮಾಸಿನ (ಪ್ಲಾಸೆಂಟಾದ) ಜೀವಕೋಶಗಳು ಗರ್ಭಕೋಶದ ಗೋಡೆಯೊಳಗೆ ಇಳಿದು, ಅಲ್ಲಿನ ಸುರುಳಿಯಾಕಾರದ ಕಿರು ರಕ್ತನಾಳಗಳನ್ನು ಅಗಲಗೊಳಿಸಬೇಕು. ತೋಟಕ್ಕೆ ನೀರು ಬಿಡುವ ಮೊದಲು ಕಪ್ಪು, ಅಂದರೆ ಕಾಲುವೆ, ಬಿಡಿಸಿ ಅಗಲ ಮಾಡಿಕೊಳ್ಳುತ್ತೇವಲ್ಲ, ಅಂಥದ್ದೇ ಕೆಲಸ ಅದು. ಅದು ಸರಿಯಾಗಿ ಆಗದಿದ್ದರೆ ಗರ್ಭಕೋಶದ ಅಪಧಮನಿಯಲ್ಲಿ ರಕ್ತಕ್ಕೆ ತಡೆ ಉಳಿದುಕೊಳ್ಳುತ್ತದೆ, ಮತ್ತು ಆ ತಡೆಯನ್ನು ಡಾಪ್ಲರ್ ಯಂತ್ರವು ಪಲ್ಸೇಟಿಲಿಟಿ ಇಂಡೆಕ್ಸ್ ಎಂಬ ಅಂಕಿಯಾಗಿ ತೋರಿಸುತ್ತದೆ. ಅದರ ಫಲ ಮುಂದೆ ಎರಡು ಕಡೆ ಕಾಣಬಹುದು: ಒಳಗೆ ಮಗುವಿನ ಬೆಳವಣಿಗೆ ಕುಂಠಿತವಾಗಬಹುದು, ಹೊರಗೆ ತಾಯಿಯ ರಕ್ತದೊತ್ತಡ 20 ವಾರಗಳ ನಂತರ ಏರತೊಡಗಬಹುದು, ಮೂತ್ರದಲ್ಲಿ ಪ್ರೋಟೀನ್ ಕಾಣಿಸಬಹುದು, ಕೈಮೀರಿದರೆ ಫಿಟ್ಸ್ ಬರಬಹುದು. ತಾಯಿಗೆ ಬರುವ ಈ ಕಾಯಿಲೆಯೇ ಗರ್ಭನಂಜು (ಪ್ರೀಎಕ್ಲಾಂಪ್ಸಿಯಾ).

ಇದನ್ನು ಮೊದಲೇ ಗುರುತಿಸಿ ಮಾಡುವುದೇನು ಎಂದರೆ, ಅದಕ್ಕೂ ಉತ್ತರವಿದೆ. ಲಂಡನ್ನಿನ ವೈದ್ಯ ಕಿಪ್ರೋಸ್ ನಿಕೊಲೈಡಿಸ್ ಮತ್ತು ಸಂಗಡಿಗರು 11ರಿಂದ 14 ವಾರಗಳ ನಡುವಿನ ಗರ್ಭಿಣಿಯರ ಹಿನ್ನೆಲೆ, ರಕ್ತದೊತ್ತಡ, ಡಾಪ್ಲರ್ ಅಳತೆ ಮತ್ತು ರಕ್ತಪರೀಕ್ಷೆಗಳನ್ನು ಒಟ್ಟುಗೂಡಿಸಿ, ಅಪಾಯ ಹೆಚ್ಚಿರುವವರನ್ನು ಆರಿಸಿ, ಅವರಲ್ಲಿ ಒಂದು ಗುಂಪಿಗೆ ಪ್ರತಿ ರಾತ್ರಿ 150 ಮಿಲಿಗ್ರಾಂ ಆಸ್ಪಿರಿನ್ ಕೊಟ್ಟು, ಇನ್ನೊಂದು ಗುಂಪಿಗೆ ಔಷಧವಿಲ್ಲದ ಗುಳಿಗೆ ಕೊಟ್ಟು ನೋಡಿದರು. 2017ರಲ್ಲಿ ಪ್ರಕಟವಾದ ಫಲಿತಾಂಶದಂತೆ, 37 ವಾರಕ್ಕೆ ಮೊದಲೇ ಈ ನಂಜು ತಗುಲಿ ಹೆರಿಗೆಯಾದವರು ಆಸ್ಪಿರಿನ್ ಗುಂಪಿನಲ್ಲಿ ನೂರಕ್ಕೆ 1.6, ಇನ್ನೊಂದರಲ್ಲಿ 4.3. ದಿನ ತುಂಬಿದ ಮೇಲೆ ಬರುವ ನಂಜಿನಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ ಎಂಬುದನ್ನೂ ಹೇಳಬೇಕು. (ಇದನ್ನು ಓದಿ ಯಾರೂ ಮೆಡಿಕಲ್ ಶಾಪಿಗೆ ಓಡಬೇಡಿ; ಯಾರಿಗೆ ಕೊಡಬೇಕು, ಯಾರಿಗೆ ಕೊಡಬಾರದು ಎಂಬುದನ್ನು ವೈದ್ಯರೇ ನಿರ್ಧರಿಸಬೇಕು.) ಗುಳಿಗೆ ಅಗ್ಗದ್ದು. ಆದರೆ ಅದನ್ನು 16 ವಾರಕ್ಕೆ ಮೊದಲೇ ಆರಂಭಿಸಬೇಕು.

ನಮ್ಮಲ್ಲಿ ತೊಡಕಾಗುವುದು ಇಲ್ಲಿಯೇ. ಮೂರು ತಿಂಗಳು ತುಂಬುವವರೆಗೆ ಬಸಿರಿನ ಸುದ್ದಿ ಹೊರಗೆ ಬಿಡಬಾರದು ಎಂಬ ಪದ್ಧತಿಯನ್ನು ನಾವು ಎಷ್ಟು ನಿಷ್ಠೆಯಿಂದ ಪಾಲಿಸುತ್ತೇವೆ ಎಂದರೆ, ದೃಷ್ಟಿಯಾದೀತೆಂದು ನೆರೆಮನೆಗೆ ಹೇಳದಿರುವ ಜೊತೆಗೆ ಆಶಾ ಕಾರ್ಯಕರ್ತೆಗೂ ಹೇಳುವುದಿಲ್ಲ, ವೈದ್ಯರಲ್ಲಿಗೂ ಹೋಗುವುದಿಲ್ಲ. ಮೂರು ತುಂಬಿತು ಎನ್ನುವಾಗ ಅಡಿಕೆ ಕೊಯ್ಲು ಬರುತ್ತದೆ; ಅದು ಮುಗಿಯಲಿ ಎನ್ನುತ್ತಾರೆ. ಮುಂದೆ ಐದನೇ ತಿಂಗಳಿನಲ್ಲಿ ‘ಮಗು ನೋಡಲು’ ಎಲ್ಲರೂ ಕಾರು ಮಾಡಿಕೊಂಡು ಬರುತ್ತಾರೆ. ಮಗುವಿನ ಅಂಗಾಂಗಗಳನ್ನು ನೋಡಲು 18ರಿಂದ 22 ವಾರ ಸರಿಯಾದ ಕಾಲವೇ, ಒಪ್ಪುತ್ತೇನೆ. ಆದರೆ ತಾಯಿಯ ಮುಂದಿನ ಗತಿಯನ್ನು ಅಳೆಯುವ ವಾರಗಳು ಗುಟ್ಟಿನಲ್ಲಿಯೇ ಕಳೆದುಹೋಗಿರುತ್ತವೆ. ಬೇಕಾದರೆ ಊರಿಗೆಲ್ಲ ಆರು ತಿಂಗಳ ನಂತರ ಹೇಳಿ, ವೈದ್ಯರ ದೃಷ್ಟಿ ತಾಗುವುದಿಲ್ಲ.

‘ತಾಯಿಯ ತಪಾಸಣೆ ಪ್ರತಿ ತಿಂಗಳೂ ಆಗುತ್ತದಲ್ಲ, ಸ್ಕ್ಯಾನ್ ಇರುವುದು ಮಗುವಿಗಾಗಿ’ ಎಂದು ನನ್ನ ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರು ವಾದಿಸಿದರು. ಆಗಬೇಕಾದದ್ದು ಹೌದು. ಕಳೆದ ಮಳೆಗಾಲದಲ್ಲಿ ನೆಂಟರ ಬಸುರಿ ಹುಡುಗಿಯೊಬ್ಬಳ ತಪಾಸಣೆಯ ವಿವರ ಬರೆಯುವ ‘ತಾಯಿ ಕಾರ್ಡ್’ ಅನ್ನು ನಾನು ತೆರೆದು ನೋಡಿದೆ. ಎಲ್ಲ ತಿಂಗಳುಗಳಲ್ಲಿಯೂ ಬಿಪಿ 120/80, ಒಂದೇ ಕೈಬರಹ, ಒಂದೇ ಪೆನ್ನು. ‘ತೋಳಿಗೆ ಪಟ್ಟಿ ಕಟ್ಟಿದ್ದರೇ ಮಗಳೇ?’ ಎಂದರೆ ‘ಇಲ್ಲ ದೊಡ್ಡಮ್ಮ, ಕೇಳಿ ಬರ್ಕೊಂಡ್ರು’ ಎಂದಳು. ಏನು ಕೇಳಿದರೋ, ಇವಳು ಏನು ಹೇಳಿದಳೋ! ಅದೇ ಹುಡುಗಿಯ ಸ್ಕ್ಯಾನ್ ಚಿತ್ರಗಳನ್ನು ಮಾತ್ರ ಲ್ಯಾಮಿನೇಟ್ ಮಾಡಿಸಿ ಇಟ್ಟಿದ್ದರು. ಸ್ಕ್ಯಾನ್ ಎಂಬುದೇ ದುಡ್ಡು ಮಾಡುವ ದಂಧೆ ಎನ್ನುವವರ ಮಾತಿನಲ್ಲಿ ಅಷ್ಟಿಷ್ಟು ಹುರುಳಿದೆ. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಎಲ್ಲ ಗರ್ಭಿಣಿಯರಿಗೂ ಸೂಚಿಸಿದ್ದು 24 ವಾರಕ್ಕೆ ಮೊದಲು ಒಂದು ಸ್ಕ್ಯಾನ್ ಅಷ್ಟೆ. ಕಾರಣವಿಲ್ಲದೆ ತಿಂಗಳಿಗೊಂದು ಮಾಡಿಸುವವರೇ ಒಂದು ಬಿಪಿ ಪಟ್ಟಿ ಕಟ್ಟಿಸಿಕೊಳ್ಳಲು ಬೇಸರಪಡುತ್ತಾರೆ ಎಂಬುದು ನನ್ನ ಸಿಟ್ಟು.

ಈ ಸಿಟ್ಟಿಗೆ ನಾನು ಇಲ್ಲಿ ಎಂದೂ ಬರೆಯದ ಕಾರಣವೊಂದಿದೆ. ನನ್ನ ದೊಡ್ಡಕ್ಕ ಎಂಟನೇ ತಿಂಗಳಿನಲ್ಲಿ ಫಿಟ್ಸ್ ಬಂದು ಹೋದಳು. ಕಾಲು ಬಾತದ್ದಕ್ಕೆ ‘ದಿನ ಹತ್ತಿರ ಬಂತು’ ಎಂದರು, ತಲೆನೋವಿಗೆ ಪಟ್ಟು ಹಾಕಿದರು, ಸೆಳವು ಬಂದಾಗ ದೆವ್ವ ಬಿಡಿಸುವವನನ್ನು ಕರೆಸಿದರು. ನಾನು ನರ್ಸಿಂಗ್ ಸೇರಿದ್ದು ಅದಾದ ಮೇಲೆ. ಹೊಸನಗರದ ಕಡೆಯ ಉಪಕೇಂದ್ರದಲ್ಲಿದ್ದಷ್ಟೂ ವರ್ಷ ಬಿಪಿ ಯಂತ್ರವನ್ನು ಹೆಗಲಿಗೆ ಹಾಕಿಕೊಂಡು ತಿರುಗಿದೆ. ಜನ ನಗುತ್ತಿದ್ದರು, ನಗಲಿ.

ಪಟ್ಟಣದವರಿಗಿಂತ ನಮ್ಮವರಿಗೇ ಈ ಮುನ್ಸೂಚನೆ ಹೆಚ್ಚು ಬೇಕು. ಸಿಗಂದೂರು ಸೇತುವೆ 2025ರ ಜುಲೈನಲ್ಲಿ ಉದ್ಘಾಟನೆಯಾಗುವವರೆಗೆ ಶರಾವತಿ ಹಿನ್ನೀರಿನಾಚೆಯ ತುಮರಿ ಕಡೆಯವರು ಲಾಂಚ್ ನಂಬಿಕೊಂಡೇ ಹೊಳೆ ದಾಟಬೇಕಿತ್ತು. ಸೇತುವೆಯಾದ ಮೇಲೂ ಆಷಾಢದ ಮಳೆಯಲ್ಲಿ ಮರ ಬಿದ್ದ ರಸ್ತೆ, ಸಿಗ್ನಲ್ ಇಲ್ಲದ ಫೋನು, ಕಾಡುದಾರಿಯ ಕೊನೆಯ ಒಂಟಿಮನೆಗಳು ಹಾಗೆಯೇ ಇವೆ. ಅಂಥ ಮನೆಯಲ್ಲಿ ರಾತ್ರಿ ಬಿಪಿ ಏರಿದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ಎಷ್ಟು ದೂರ ಎಂದು ಮೊಮ್ಮಗನ ಮೂಗು ವರ್ಣಿಸಿದವರನ್ನು ಕೇಳಬೇಕೆನಿಸಿತು. ಇವಳಿಗೆ ಅಪಾಯವಿದೆ ಎಂದು ಹನ್ನೆರಡನೇ ವಾರದಲ್ಲಿಯೇ ತಿಳಿದಿದ್ದರೆ ಗುಳಿಗೆ ಆರಂಭಿಸಬಹುದು, ಮಳೆ ಹಿಡಿಯುವ ಮೊದಲು ಅವಳನ್ನು ಪೇಟೆಯ ನೆಂಟರ ಮನೆಯಲ್ಲಿರಿಸಬಹುದು.

ಇಂದು ಬೆಳಿಗ್ಗೆ ಸಂಘಟಕರು ಫೋನ್ ಮಾಡಿ ಕಾರ್ಯಕ್ರಮ ಹೇಗಿತ್ತು ಎಂದು ಕೇಳಿದರು. ಮುಂದಿನ ಸಲ ಶಾಲು, ಹಾರ, ಸ್ಮರಣಿಕೆಗಳ ಖರ್ಚಿನಲ್ಲಿ ನಾಲ್ಕು ಬಿಪಿ ಯಂತ್ರ ಕೊಂಡು ಆಶಾ ಕಾರ್ಯಕರ್ತೆಯರಿಗೆ ಕೊಡಿ, ಆ ವೈದ್ಯೆಗೆ ಮೈಕನ್ನು ಮೊದಲೇ ಕೊಡಿ ಎಂದೆ. ‘ಆಗ್ಲಿ ಸಿಸ್ಟರ್, ಕಮಿಟಿ ಮುಂದೆ ಇಡ್ತೀನಿ. ಸ್ಮರಣಿಕೆ ಮಾತ್ರ ಬಿಡೋಕಾಗಲ್ಲ, ಮುಂದಿನ ಸಲಕ್ಕೆ ತಾಯಿ ಮಗುವಿನ ವಿಗ್ರಹ ನೋಡಿಟ್ಟಿದ್ದೀವಿ’ ಎಂದರು.